ಸುಂಬಾದ ಕಡಲಂಚಿನ ಗುಂಟೆ: ಕೊಳ್ಳುವ ಮುನ್ನ

ಬಾಲಿಗೆ ಪ್ರವಾಸ ಹೋಗಿಬಂದವರು ಈಚೆಗೆ ನನ್ನ ಮೇಜಿಗೆ ತರುವ ಕಾಗದಗಳಲ್ಲಿ ಬಾಲಿಯ ಜಮೀನು ಇರುವುದೇ ಅಪರೂಪ. ಅಲ್ಲಿಯ ಬೆಲೆ ಕೈಗೆಟುಕದು ಎಂದು ಗೊತ್ತಾದ ಮೇಲೆ ದಲ್ಲಾಳಿ ಪೂರ್ವಕ್ಕೆ ಕೈ ತೋರಿಸಿರುತ್ತಾನೆ. ಡೆನ್‌ಪಸಾರ್‌ನಿಂದ ಸುಮಾರು ಒಂದು ಗಂಟೆಯ ವಿಮಾನ, ಇಳಿಯುವುದು ತಾಂಬೊಲಾಕಾದಲ್ಲಿ, ದ್ವೀಪದ ಹೆಸರು ಸುಂಬಾ. ಬೆಲೆ ಹೇಳುವುದು ‘ಆರ್’ ಲೆಕ್ಕದಲ್ಲಿ. ಒಂದು ಆರ್ ಎಂದರೆ 100 ಚದರ ಮೀಟರ್. ನಮ್ಮ ಗುಂಟೆ 101 ಚದರ ಮೀಟರ್‌ಗಿಂತ ತುಸು ಹೆಚ್ಚು. ಅಳತೆ ಹೀಗೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ನಮ್ಮವರು ಅಲ್ಲೇ ನಿಂತು ದೇವನಹಳ್ಳಿಯ ಗುಂಟೆಯ ಜೊತೆ ತಾಳೆ ನೋಡಿ, ಮುಂಗಡದ ಮಾತಿಗೇ ಬಂದುಬಿಡುತ್ತಾರೆ. ಅಳತೆ ಹೊಂದುತ್ತದೆ, ಹಕ್ಕು ಹೊಂದುವುದಿಲ್ಲ.

ಇಂಡೊನೇಷ್ಯಾದ 1960ರ ಮೂಲ ಭೂಕಾಯ್ದೆಯ ಪ್ರಕಾರ ಹಕ್ ಮಿಲಿಕ್, ಅಂದರೆ ಕಾಲಮಿತಿಯಿಲ್ಲದ ಪೂರ್ಣ ಒಡೆತನ, ಆ ದೇಶದ ಪ್ರಜೆಗೆ ಮಾತ್ರ. ವಿದೇಶಿಯರಿಗೆ ಉಳಿಯುವುದು ಮೂರು ದಾರಿ. ಅಲ್ಲಿನ ವಾಸದ ಪರವಾನಗಿ ಇದ್ದವರಿಗೆ ಮನೆಗಾಗಿ ಹಕ್ ಪಾಕೈ ಎಂಬ ಬಳಕೆಯ ಹಕ್ಕು. 2021ರ ನಿಯಮದಂತೆ ಅದು 30 ವರ್ಷ, ವಿಸ್ತರಣೆ 20, ನವೀಕರಣ 30. ಎರಡನೆಯದು ವಿದೇಶಿ ಹೂಡಿಕೆಯ ಕಂಪನಿ ತೆರೆದು ಅದರ ಹೆಸರಿನಲ್ಲಿ ಕಟ್ಟಡ ಕಟ್ಟುವ ಹಕ್ಕು ಪಡೆಯುವುದು. ಅದಕ್ಕೆ 1,000 ಕೋಟಿ ರುಪಿಯಾಕ್ಕೂ ಮೇಲ್ಪಟ್ಟ ಹೂಡಿಕೆ ಯೋಜನೆ ತೋರಿಸಬೇಕು, ನಮ್ಮ ಲೆಕ್ಕದಲ್ಲಿ ಸುಮಾರು ಐದು ಕೋಟಿ ರೂಪಾಯಿ. ಮೂರನೆಯದು ಮಾಲೀಕನಿಂದ ನೇರ ಗುತ್ತಿಗೆ, ಸಾಮಾನ್ಯವಾಗಿ 25 ಅಥವಾ 30 ವರ್ಷಕ್ಕೆ, ಪೂರ್ತಿ ಹಣ ಮುಂಗಡ. ಮೂರರಲ್ಲಿ ಯಾವುದನ್ನು ಹಿಡಿದರೂ ನೀವು ಕೊಳ್ಳುತ್ತಿರುವುದು ವರ್ಷಗಳನ್ನು. ಸೈಟಿನಂತೆ ಇದು ಕೂತಲ್ಲೇ ಬೆಳೆಯುವುದಿಲ್ಲ. 25 ವರ್ಷದ ಗುತ್ತಿಗೆಯಲ್ಲಿ ಹತ್ತು ವರ್ಷ ಕಳೆದ ಮೇಲೆ ಮಾರಲು ಹೊರಟರೆ ನಿಮ್ಮ ಕೈಯಲ್ಲಿರುವುದು ಹದಿನೈದೇ ವರ್ಷ. ‘ವಿಸ್ತರಣೆಯ ದರವನ್ನು ಆಗ ಮಾತಾಡಿಕೊಳ್ಳತಕ್ಕದ್ದು’ ಎಂಬ ಸಾಲು ಒಪ್ಪಂದದಲ್ಲಿದ್ದರೆ ವಿಸ್ತರಣೆಯೇ ಇಲ್ಲವೆಂದು ತಿಳಿದು ಲೆಕ್ಕ ಹಾಕಿ.

ದಲ್ಲಾಳಿ ತೋರಿಸುವ ನಾಲ್ಕನೇ ದಾರಿಯೊಂದಿದೆ: ಸ್ಥಳೀಯನ ಹೆಸರಿಗೆ ಬರೆಸಿ, ಅವನಿಂದ ಸಾಲಪತ್ರ, ಅಧಿಕಾರಪತ್ರಗಳನ್ನು ಬರೆಸಿಕೊಳ್ಳುವುದು. ನಮ್ಮಲ್ಲಿ ಬೇನಾಮಿ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅದೇ 1960ರ ಕಾಯ್ದೆಯ 26ನೇ ವಿಧಿ, ವಿದೇಶಿಯರಿಗೆ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಒಡೆತನ ದಾಟಿಸುವ ವ್ಯವಹಾರ ಅನೂರ್ಜಿತ ಎನ್ನುತ್ತದೆ. ಭೂಮಿ ಸರ್ಕಾರಕ್ಕೆ, ಕೊಟ್ಟ ಹಣ ವಾಪಸಿಲ್ಲ. ಸುಂಬಾದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಕೃಷಿಭೂಮಿಯ ಒಡೆಯ ಆ ಭೂಮಿಯಿರುವ ಕೆಚಮಾತನ್‌ನಲ್ಲೇ, ಅಂದರೆ ನಮ್ಮ ಹೋಬಳಿಯಂಥ ಆಡಳಿತ ವಿಭಾಗದಲ್ಲೇ, ವಾಸವಿರಬೇಕೆಂಬ ನಿಯಮ 1961ರಿಂದಲೂ ಇದೆ. ಹಾಗಾಗಿ ‘ಬಾಲಿಯ ನಂಬಿಕಸ್ಥ ಗೆಳೆಯ’ನ ಹೆಸರಿಗೆ ಹೊಲ ಬರೆಸಿದರೆ ಅವನ ಒಡೆತನವೇ ಅಲ್ಲಾಡುತ್ತದೆ. ಕರ್ನಾಟಕದಲ್ಲಿ 2020ರಲ್ಲಿ ಕೃಷಿಕರಲ್ಲದವರಿಗೂ ಹೊಲ ಕೊಳ್ಳುವ ಬಾಗಿಲು ತೆರೆದದ್ದನ್ನು ಕಂಡವರಿಗೆ ಇದು ಹಳೇ ಕಾಲದ ಕಟ್ಟುಪಾಡು ಅನ್ನಿಸಬಹುದು. ಆದರೂ ಕಾನೂನು ಕಾನೂನೇ.

“ಸಾರ್, ಸರ್ಟಿಫಿಕೇಟ್ ಇದೆಯಲ್ಲ” ಎನ್ನುತ್ತಾರೆ. ಇದ್ದರೆ ಒಳ್ಳೆಯದು, ಅದು ಅಸಲಿಯೇ, ಅಡಮಾನವಾಗಿದೆಯೇ ಎಂದು ರಾಷ್ಟ್ರೀಯ ಭೂ ಇಲಾಖೆಯಾದ ಬೇಪೇಯೆನ್‌ನಲ್ಲಿ ಪರಿಶೀಲಿಸಲು ಕ್ರಮಬದ್ಧ ದಾರಿಯಿದೆ. ಬಹಳ ಸಲ ಕಡತದಲ್ಲಿ ಇರುವುದು ಗ್ರಾಮದ ಮುಖ್ಯಸ್ಥ ಬರೆದುಕೊಟ್ಟ ಹೇಳಿಕೆ ಮತ್ತು ಭೂತೆರಿಗೆಯ ರಶೀದಿ, ಎರಡೇ. ತೆರಿಗೆ ಕಟ್ಟಿದವನು ಒಡೆಯನಾಗಬೇಕಿಲ್ಲ ಎಂಬುದು ಬಿ ಖಾತೆ ಕಂಡ ಬೆಂಗಳೂರಿನವರಿಗೆ ಹೊಸ ಪಾಠವಲ್ಲ.

ಆದರೆ ಸುಂಬಾದಲ್ಲಿ ಸರ್ಟಿಫಿಕೇಟ್ ಸರಿಯಿದ್ದರೂ ಕೆಲಸ ಅರ್ಧವೇ ಮುಗಿದಿರುತ್ತದೆ. ಪಶ್ಚಿಮ ಸುಂಬಾದಲ್ಲಿ ಕಬಿಸು, ಪೂರ್ವದಲ್ಲಿ ಕಬಿಹು ಎನ್ನುವ ಕುಲಗಳದ್ದೇ ಭೂಮಿಯ ಮೇಲೆ ಮೊದಲ ಮಾತು. ಹುಲ್ಲು ಹೊದಿಸಿದ ಗೋಪುರದ ಸೂರಿನಡಿ ಹಿರಿಯರ ಪವಿತ್ರ ವಸ್ತುಗಳನ್ನು ಇಟ್ಟು, ಅಂಗಳದಲ್ಲೇ ಭಾರಿ ಕಲ್ಲಿನ ಸಮಾಧಿ ಕಟ್ಟುವ ಮರಾಪು ನಂಬಿಕೆಯ ಊರುಗಳಿವು. ಅಜ್ಜ ಮಲಗಿರುವ ನೆಲವನ್ನು ಮೊಮ್ಮಗನೊಬ್ಬ ಸಹಿ ಹಾಕಿ ಮಾರಿದರೆ ಉಳಿದ ಮೊಮ್ಮಕ್ಕಳು ಅದನ್ನು ಮಾರಾಟ ಎಂದೇ ಎಣಿಸುವುದಿಲ್ಲ. ಕೊಂಡವನು ಹತ್ತು ವರ್ಷ ಬೇಲಿಯನ್ನೂ ಹಾಕದೆ ಬಿಟ್ಟು, ಆಮೇಲೆ ಜೆಸಿಬಿ ತಂದಾಗ ಜಗಳ ಹೊತ್ತಿಕೊಳ್ಳುತ್ತದೆ. 2018ರ ಏಪ್ರಿಲ್‌ನಲ್ಲಿ ಪಶ್ಚಿಮ ಸುಂಬಾದ ಮರೊಸಿ ಕಡಲತೀರದ ಬಳಿ, ಕಂಪನಿಯೊಂದರ ಜಮೀನಿನ ಅಳತೆಗೆ ಊರವರು ಅಡ್ಡ ನಿಂತಾಗ ಗುಂಡೇಟಿಗೆ ಸ್ಥಳೀಯನೊಬ್ಬ ಸತ್ತ. ಕಡಲಂಚಿನ ಕಾಗದ ನೋಡುವಾಗಲೆಲ್ಲ ಆ ಘಟನೆ ನನಗೆ ನೆನಪಾಗುತ್ತದೆ. ಆದ್ದರಿಂದ ನಾನು ಕೇಳುವ ದಾಖಲೆಗಳು ಇವು: ಎಲ್ಲ ವಾರಸುದಾರರ ಸಹಿ, ಕುಲದ ಹಿರಿಯರ ಒಪ್ಪಿಗೆ, ನಾಲ್ಕೂ ಗಡಿಯ ನೆರೆಯವರು ಜೊತೆಗೆ ನಡೆದು ಒಪ್ಪಿದ ಚಕ್ಕುಬಂದಿ. ದಲ್ಲಾಳಿ “ಅದೆಲ್ಲ ಬೇಡ, ನೋಟರಿ ಇದ್ದಾರೆ” ಎಂದರೆ ಅಲ್ಲಿಗೆ ನಿಲ್ಲಿಸಿ.

ಅಲೆ ಕಾಲಿಗೆ ತಾಕುವ ಜಾಗಕ್ಕೇ ಎಲ್ಲರೂ ಆಸೆಪಡುವುದು. ಭರತದ ಅತಿ ಎತ್ತರದ ಗೆರೆಯಿಂದ ಕನಿಷ್ಠ 100 ಮೀಟರ್ ಕಡಲಂಚಿನ ರಕ್ಷಿತ ಪಟ್ಟಿ ಎಂದು 2016ರ ಅಧ್ಯಕ್ಷೀಯ ಆದೇಶ ಹೇಳುತ್ತದೆ. ಕಡಲಿಗೆ ಮುಖ ಮಾಡಿದ 20 ಆರ್ ತುಂಡು, 20 ಮೀಟರ್ ಅಗಲ 100 ಮೀಟರ್ ಉದ್ದ ಇದ್ದರೆ, ವಿಲ್ಲಾ ಕಟ್ಟಲು ಉಳಿಯುವುದು ಸೊನ್ನೆ.

ಇನ್ನು ಬದುಕು. ನೈಋತ್ಯ ಸುಂಬಾ ಸುಣ್ಣಕಲ್ಲಿನ ನೆಲ. ಮಳೆ ಬಿದ್ದದ್ದು ಮೇಲೆ ನಿಲ್ಲುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಸಿರು, ಆಮೇಲೆ ಹುಲ್ಲು ಒಣಗಿ ಬಂಗಾರದ ಬಣ್ಣ. ಜಾಹೀರಾತಿನ ಚಿತ್ರಗಳೆಲ್ಲ ಆಗಿನವು, ನೀರಿನ ತಾಪತ್ರಯವೂ ಆಗಿನದೇ. ಹೆಂಗಸರು, ಮಕ್ಕಳು ಡಬ್ಬ ಹೊತ್ತು ದೂರ ನಡೆಯುತ್ತಾರೆ, ಇದ್ದವರು ಟ್ಯಾಂಕರ್ ತರಿಸುತ್ತಾರೆ. ಮಲೇರಿಯಾ ಇನ್ನೂ ಇದೆ. ಸಣ್ಣ ಕಾಯಿಲೆಗೆ ಸರ್ಕಾರಿ ಆರೋಗ್ಯ ಕೇಂದ್ರವಾದ ಪುಸ್ಕೆಸ್‌ಮಸ್, ದೊಡ್ಡದಕ್ಕೆ ಕುಪಾಂಗ್ ಅಥವಾ ಬಾಲಿಗೆ ವಿಮಾನ. ನಿವೃತ್ತರಾಗಿ ನೆಲೆಸುತ್ತೇನೆ ಎನ್ನುವ ಅರವತ್ತರ ದಂಪತಿಗೆ ನಾನು ಬೇಡವೆನ್ನಲು ಇಷ್ಟೇ ಸಾಕು.

ನೆರೆಹೊರೆಯ ವಿಚಾರದಲ್ಲಿ ಮಲೆನಾಡಿನವರಿಗೆ ಒಂದು ಅನುಕೂಲವಿದೆ: ಹೋದ ಮನೆಯಲ್ಲೆಲ್ಲ ಮೊದಲು ಮುಂದಿಡುವುದು ಅಡಿಕೆ, ಸುಣ್ಣ. ಎಲೆಯ ಬದಲು ವೀಳ್ಯದ ಬಳ್ಳಿಯ ಉದ್ದನೆಯ ಕಾಯಿ, ಅಷ್ಟೇ ವ್ಯತ್ಯಾಸ. ಬೇಡವೆನ್ನಬಾರದು. ಸಾವಾದ ಮನೆಗೆ ನೆಂಟರು ಎಮ್ಮೆಯನ್ನೋ ಹಂದಿಯನ್ನೋ ಹಿಡಿದುಕೊಂಡು ಹೋಗಬೇಕು. ಇವತ್ತು ಪಡೆದವರು ನಾಳೆ ಹಿಂದಿರುಗಿಸಬೇಕು. ವಧುದಕ್ಷಿಣೆಯಾದ ಬೆಲಿಸ್ ಎಣಿಸುವುದೂ ಎಮ್ಮೆ, ಕುದುರೆಗಳಲ್ಲೇ. ಅಲ್ಲಿ ಮನೆ ಮಾಡಿದವರ ಬಾಗಿಲಿಗೂ ಈ ಲೆಕ್ಕ ಬಂದೇ ಬರುತ್ತದೆ. ಪೂರ್ತಿ ಸಸ್ಯಾಹಾರಿ ಕುಟುಂಬ ಇದನ್ನು ಹೇಗೆ ನಿಭಾಯಿಸುತ್ತದೋ ನೀವೇ ಯೋಚಿಸಿ.

ಬೆಲೆ ಏರಲು ಕಾರಣವಂತೂ ನಿಜ. ಪಶ್ಚಿಮ ಸುಂಬಾದ ನಿಹಿ ರೆಸಾರ್ಟನ್ನು ಅಮೆರಿಕದ ಪ್ರವಾಸ ಪತ್ರಿಕೆಯೊಂದರ ಓದುಗರು 2016ರಲ್ಲೂ 2017ರಲ್ಲೂ ಜಗತ್ತಿನ ಅತ್ಯುತ್ತಮ ಹೋಟೆಲ್ ಎಂದು ಆರಿಸಿದ ಮೇಲೆ ತೀರದುದ್ದಕ್ಕೂ ಆಸೆ ಹಬ್ಬಿತು. ಆದರೆ ಆ ಒಂದು ರೆಸಾರ್ಟಿನ ಹಿಂದೆ 1980ರ ದಶಕದ ಕೊನೆಯಿಂದ ನೆಲಕಚ್ಚಿ ಕೂತ ಕೆಲಸವಿದೆ, ಸುತ್ತಲಿನ ಹಳ್ಳಿಗಳಿಗೆ ಬಾವಿ ತೋಡಿಸಿ ಮಲೇರಿಯಾ ಚಿಕಿತ್ಸಾಲಯ ನಡೆಸುವ ಪ್ರತಿಷ್ಠಾನವಿದೆ. ಕೊಂಡು ಬೀಗ ಹಾಕಿ ಬೆಂಗಳೂರಿಗೆ ಬರುವವರಿಗೆ ಆ ಬೆಲೆ ದಕ್ಕುವುದಿಲ್ಲ. ಕಟ್ಟಡದ ಹಕ್ಕು ಪಡೆದು ಬೇಕೆಂದೇ ಎರಡು ವರ್ಷ ಖಾಲಿ ಬಿಟ್ಟರೆ ‘ಪಾಳುಬಿಟ್ಟ ಭೂಮಿ’ ಎಂದು ಸರ್ಕಾರ ಹಿಂಪಡೆಯುವ ಕ್ರಮ ಶುರುಮಾಡಬಹುದು.

ಹಣ ಇಲ್ಲಿಂದ ಹೊರಡುವಾಗಿನ ನಿಯಮಗಳನ್ನು ಚುಟುಕಾಗಿ ಹೇಳುತ್ತೇನೆ. ತಲಾ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. ಇಂಥ ಖರೀದಿಗೆ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು 20% ತೆರಿಗೆ ಮೊದಲೇ ಹಿಡಿಯುತ್ತದೆ, ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ವಿದೇಶಿ ಆಸ್ತಿಯ ವಿವರ ರಿಟರ್ನ್‌ನಲ್ಲಿ ಬರೆಯದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಇನ್ನೊಬ್ಬರ ಹೆಸರಿನಲ್ಲಿಟ್ಟ ಜಮೀನನ್ನು ಆ ಕಲಮಿನಲ್ಲಿ ಏನೆಂದು ಬರೆಯುತ್ತೀರಿ? ಭೂಮಿ ಕೊಂಡು ಮಾರುವುದನ್ನೇ ಕಸುಬಾಗಿಟ್ಟುಕೊಂಡ ವಿದೇಶಿ ಕಂಪನಿಯಲ್ಲಿ ಹಣ ಹೂಡಲು ನಮ್ಮ 2022ರ ನಿಯಮಗಳೂ ಬಿಡುವುದಿಲ್ಲ.

ಇಷ್ಟೆಲ್ಲ ಕೇಳಿಯೂ ಮನಸ್ಸು ಅಲ್ಲೇ ಇದ್ದರೆ, ಸೆಪ್ಟೆಂಬರ್‌ನಲ್ಲಿ ಹೋಗಿ, ನೈಋತ್ಯ ಸುಂಬಾದ ‘ಕೊಡಿ’ ಎಂಬ ಪ್ರದೇಶದ ಹಳ್ಳಿಯೊಂದರಲ್ಲಿ ಬಾಡಿಗೆಗೆ ಇದ್ದು ಬನ್ನಿ. ನೀರು ಎಲ್ಲಿಂದ ಬರುತ್ತದೆ, ನಿಮಗೆ ತೋರಿಸಿದ ತುಂಡಿನಲ್ಲಿ ಯಾರ ದನ ಮೇಯುತ್ತಿದೆ, ಆ ದನದವರು ಮಾರುವವನಿಗೆ ಏನಾಗಬೇಕು ಎಂದು ವಿಚಾರಿಸಿ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.