ಸೈಟೇಷನ್ ಎಷ್ಟಾಯ್ತು ಮೇಷ್ಟ್ರೇ?

ದಾವಣಗೆರೆಯಲ್ಲಿ ನಂದೊಂದು ಡಿಟಿಪಿ ಅಂಗಡಿ. ಥೀಸಿಸ್ ಟೈಪಿಂಗ್, ಬೈಂಡಿಂಗ್, ಪ್ರಿಂಟೌಟ್. ಕಳೆದ ತಿಂಗಳು ಗೆಳೆಯನೊಬ್ಬ ಬಂದು, ಗೂಗಲ್ ಸ್ಕಾಲರ್‌ನಲ್ಲಿ (ಸಂಶೋಧನಾ ಬರಹ ಹುಡುಕುವ ಜಾಲತಾಣ) ನನ್ನ ಪುಟ ಮಾಡಿಕೊಡು ಅಂದ. ಅವನು ಅತಿಥಿ ಉಪನ್ಯಾಸಕ. ವಿಷಯ ರಾಜಕೀಯ ಅರ್ಥಶಾಸ್ತ್ರ, ಅಂದರೆ ಯಾರು ದುಡೀತಾರೆ, ದುಡ್ಡು ಯಾರ ಕೈ ಸೇರುತ್ತೆ, ಯಾಕೆ ಅಂತ ನೋಡುವುದು. ನಮ್ಮೂರಿನ ಮಂಡಕ್ಕಿ ಭಟ್ಟಿಗಳ ಕೂಲಿ, ಮುಂಗಡ, ಸಾಲದ ಲೆಕ್ಕ ಹಿಡಿದು ಓಡಾಡಿದವನು.

ಪುಟ ತೆರೆದುಕೊಂಡಿತು. ಪಕ್ಕದಲ್ಲಿ ಪುಟ್ಟ ಪೆಟ್ಟಿಗೆ: ಸೈಟೇಷನ್ 31, ಎಚ್-ಇಂಡೆಕ್ಸ್ 3. ಸೈಟೇಷನ್ ಅಂದರೆ ಅವನ ಬರಹಗಳನ್ನು ಬೇರೆ ಬರಹಗಳು ಎಷ್ಟು ಸಲ ಉಲ್ಲೇಖಿಸಿವೆ ಅನ್ನೋ ಲೆಕ್ಕ.

"ಇದು ಜಾಸ್ತಿನಾ ಕಮ್ಮಿನಾ?" ಅಂದ.

ಈ ಲೆಕ್ಕ ಶುರುವಾಗಿದ್ದು ಮೇಷ್ಟ್ರುಗಳಿಗೆ ಮಾರ್ಕ್ಸ್ ಹಾಕೋಕಲ್ಲ. ಅಮೆರಿಕದ ವಕೀಲರ ಹತ್ತಿರ 1873ರಿಂದಲೇ ಒಂದು ಪಟ್ಟಿ ಇತ್ತು. ಹಳೇ ತೀರ್ಪನ್ನು ಆಮೇಲಿನ ಯಾವ ಕೋರ್ಟು ಎತ್ತಿಹಿಡಿಯಿತು, ಯಾವುದು ತಳ್ಳಿಹಾಕಿತು ಅಂತ ಅದರಲ್ಲಿ ಸಿಗುತ್ತಿತ್ತು. ವಿಜ್ಞಾನಕ್ಕೂ ಇಂಥದ್ದು ಬೇಕು, ಯಾವ ಲೇಖನವನ್ನು ಆಮೇಲೆ ಯಾರು ಉಲ್ಲೇಖಿಸಿದರು ಅಂತ ಸಿಗಬೇಕು ಅಂತ ಅಮೆರಿಕದ ಮಾಹಿತಿ ತಜ್ಞ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಬರೆದರು. 1964ರಲ್ಲಿ ಅವರ ಉಲ್ಲೇಖ ಸೂಚಿ ಬಂತು, 1973ರಲ್ಲಿ ಸಮಾಜ ವಿಜ್ಞಾನಕ್ಕೂ ಬಂತು. 2004ರಲ್ಲಿ ಇಂಥದ್ದೇ ಲೆಕ್ಕ ಇಡುವ ಸ್ಕೋಪಸ್, ಗೂಗಲ್ ಸ್ಕಾಲರ್ ಎರಡೂ ಹುಟ್ಟಿದವು. ಮರುವರ್ಷ ಭೌತಶಾಸ್ತ್ರದ ಹೋರ್ಹೆ ಹಿರ್ಶ್ ಎಚ್-ಇಂಡೆಕ್ಸ್ ಕೊಟ್ಟರು.

ಎಚ್-ಇಂಡೆಕ್ಸ್ 3 ಅಂದರೆ, ಕನಿಷ್ಠ ಮೂರು ಮೂರು ಸಲ ಉಲ್ಲೇಖವಾದ ಬರಹಗಳು ಮೂರು ಇವೆ ಅಂತ, ಅಷ್ಟೇ. ಒಬ್ಬರು ಹತ್ತು ವರ್ಷ ಕೂತು ಒಂದೇ ಪುಸ್ತಕ ಬರೆದು, ಅದನ್ನು ಸಾವಿರ ಜನ ಉಲ್ಲೇಖಿಸಿದರೂ ಅವರ ಎಚ್-ಇಂಡೆಕ್ಸ್ 1! ರಾಜಕೀಯ ಅರ್ಥಶಾಸ್ತ್ರ ಪುಸ್ತಕಗಳ ಮೇಲೇ ನಿಂತಿರುವ ವಿಷಯ ಅಲ್ವಾ, ಪೆಟ್ಟು ಬೀಳೋದು ಇಲ್ಲೇ. ಇನ್ನು ಸ್ಕೋಪಸ್ ಹೆಚ್ಚಾಗಿ ಜರ್ನಲ್‌ಗಳನ್ನು, ಅಂದರೆ ಸಂಶೋಧನಾ ಪತ್ರಿಕೆಗಳನ್ನು ನೋಡುತ್ತೆ, ಗೂಗಲ್ ಥೀಸಿಸ್ಸು, ವರದಿ ಎಲ್ಲವನ್ನೂ ಬಾಚಿಕೊಳ್ಳುತ್ತೆ, ಹಾಗಾಗಿ ಒಬ್ಬನೇ ಮನುಷ್ಯನಿಗೆ ಎರಡು ಕಡೆ ಎರಡು ಅಂಕಿ.

ನಾನು ಕಣ್ಣಾರೆ ಕಂಡಿದ್ದು 2010ರಿಂದ ಈಚಿನದ್ದು. ಆ ವರ್ಷ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮೇಷ್ಟ್ರುಗಳ ನೇಮಕಾತಿಗೂ ಬಡ್ತಿಗೂ ಎಪಿಐ ಅನ್ನೋ ಅಂಕದ ಲೆಕ್ಕ ತಂದಿತು. ರೆಫರೀಡ್ (ಬೇರೆ ತಜ್ಞರು ಓದಿ ಒಪ್ಪಿದ ಮೇಲೆ ಅಚ್ಚು ಹಾಕುವ) ಜರ್ನಲ್‌ನ ಲೇಖನಕ್ಕೆ 15, ಐಎಸ್‌ಎಸ್‌ಎನ್ ಇರುವ ಬೇರೆ ಜರ್ನಲ್‌ಗೆ 10. ಪಿಎಚ್‌ಡಿ ಥೀಸಿಸ್ ಕೊಡುವ ಮುಂಚೆ ಒಂದು ಪೇಪರ್ ಅಂತೂ ಆಗಲೇ ಕಡ್ಡಾಯವಾಗಿತ್ತು. ತೋಳಹುಣಸೆಯ ನಮ್ಮ ವಿಶ್ವವಿದ್ಯಾಲಯಕ್ಕೆ ಆಗ ಒಂದೇ ವರ್ಷ (ಶುರುವಾಗಿದ್ದು 2009ರಲ್ಲಿ). ಅಂಗಡಿ ಮುಂದೆ ಬೈಕುಗಳ ಸಾಲು. "ಅಣ್ಣಾ, ನಾಳೆಯೊಳಗೆ ಫಾರ್ಮ್ಯಾಟ್ ಮಾಡಿಕೊಡಿ, ಐಎಸ್‌ಎಸ್‌ಎನ್ ಇದೆ" ಅನ್ನೋರು. ಐಎಸ್‌ಎಸ್‌ಎನ್ ಅಂದರೆ ಜರ್ನಲ್‌ಗೆ ಎಂಟಂಕಿಯ ಮನೆ ನಂಬರ್ ಇದ್ದಂಗೆ. ಒಳಗೆ ಯಾರಿದ್ದಾರೆ, ಏನು ಅಡುಗೆ ಅಂತ ಅದು ಹೇಳಲ್ಲ. ದುಡ್ಡು ಕಟ್ಟಿದ ವಾರಕ್ಕೇ ಅಚ್ಚಾಗುವ ಜರ್ನಲ್‌ಗಳು ಹುಟ್ಟಿಕೊಂಡವು. ಒಂದೇ ಪೇಪರ್‌ಗೆ ಎರಡು ಬೇರೆ ತಲೆಬರಹ ಹಾಕಿ ಕೊಟ್ಟಿದ್ದೂ ನನಗೆ ನೆನಪಿದೆ. ಟೈಪ್ ಮಾಡಿದ್ದು ನಾನೇ. ಹೊಟ್ಟೆಪಾಡು, ಅವರದೂ ನಂದೂ.

ಆಮೇಲೆ ರಿಪೇರಿಗಳು. 2017ರಲ್ಲಿ ಯುಜಿಸಿ ಒಪ್ಪಿದ ಜರ್ನಲ್‌ಗಳ ಪಟ್ಟಿ, 2018ರ ಮೇನಲ್ಲಿ ಅದರಿಂದ 4,305 ಹೊರಕ್ಕೆ. 2019ರಲ್ಲಿ ಅದರ ಜಾಗಕ್ಕೆ ಯುಜಿಸಿಯದೇ ಕೇರ್ ಪಟ್ಟಿ. 2022ರಲ್ಲಿ ಪಿಎಚ್‌ಡಿಗೆ ಪೇಪರ್ ಕಡ್ಡಾಯ ಅನ್ನೋದು ಹೋಯಿತು. 2025ರ ಫೆಬ್ರವರಿಯಲ್ಲಿ ಕೇರ್ ಪಟ್ಟಿಯೇ ನಿಂತಿತು, ಯಾವ ಜರ್ನಲ್ ಒಳ್ಳೇದು ಅಂತ ಆಯಾ ಸಂಸ್ಥೆಗಳೇ ನೋಡಿಕೊಳ್ಳಲಿ ಅಂತಾಯ್ತು. ಅವತ್ತಿಂದ ಮೇಷ್ಟ್ರುಗಳ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ: ಹಾಗಾದ್ರೆ ನನ್ನ ಪೇಪರ್ ಲೆಕ್ಕಕ್ಕೆ ಬರುತ್ತೋ ಇಲ್ವೋ?

ಗೆಳೆಯನ 31ರಲ್ಲಿ ಒಂದೂ ಮಂಡಕ್ಕಿ ಭಟ್ಟಿಯದಲ್ಲ. ಅವೆಲ್ಲ ಅವನು ಇಂಗ್ಲಿಷಿನಲ್ಲಿ, ಬೇರೆಯವರ ಜತೆ ಸೇರಿ ಬರೆದ ಲೇಖನಗಳಿಗೆ ಸಿಕ್ಕವು. ಭಟ್ಟಿಯದ್ದು ಕನ್ನಡದಲ್ಲಿದೆ, 64 ಪುಟ, ನಾನೇ ಬೈಂಡ್ ಮಾಡಿದ್ದು. ಭಟ್ಟಿಯವರೇ ಜೆರಾಕ್ಸ್ ಮಾಡಿಸಿಕೊಂಡು ಹೋಗ್ತಾರೆ, ಕೂಲಿ ಮಾತು ಬಂದಾಗ ಆ ಪುಟ ತೆಗೆದು ತೋರಿಸ್ತಾರೆ. ಸ್ಕಾಲರ್ ಪುಟದಲ್ಲಿ ಆ ಬರಹ ಎಲ್ಲೂ ಇರಲಿಲ್ಲ. ಕೈಯಾರೆ ಸೇರಿಸೋಕೆ ಒಂದು ದಾರಿ ಇದೆ, ಸೇರಿಸಿದೆ. ಕೆಳಗಿನ ಸಾಲಿನಲ್ಲಿ ಹೆಸರು, ವರ್ಷ ಬಂತು. ಉಲ್ಲೇಖದ ಜಾಗ ಖಾಲಿ. "ಇರ್ಲಿ ಬಿಡು" ಅಂದ ಅವನು, ಇನ್ನೆರಡು ಜೆರಾಕ್ಸ್ ತೆಗೆಯೋಕೆ ಹೇಳಿದ.