ಒಂಬತ್ತು ಮೂಟೆ ಹೊತ್ತ ಮೇಷ್ಟ್ರು

ಕಾಫಿ ಸೀಸನ್ನಿನಲ್ಲಿ ಗೋಣಿಕೊಪ್ಪದ ಯಾವುದಾದರೂ ಗೋದಾಮಿನ ಮುಂದೆ ಹತ್ತು ನಿಮಿಷ ನಿಂತು ನೋಡಿ. ಲಾರಿಗೆ ಮೂಟೆ ಏರಿಸುತ್ತಿರುತ್ತಾರೆ. ಒಂದು ಮೂಟೆ 50 ಕಿಲೋ. ಹೊರುವವನು ಮಂಡಿ ಬಗ್ಗಿಸಿ ಬೆನ್ನು ಕೊಡುತ್ತಾನೆ, ಇನ್ನಿಬ್ಬರು ಮೂಟೆ ಇಡುತ್ತಾರೆ. ಅವನ ಮುಖ ನೋಡಿ. ಏಳಲು ಶುರು ಮಾಡಿದಾಗ ದವಡೆ ಬಿಗಿಯುತ್ತದೆ, ಉಸಿರು ನಿಲ್ಲುತ್ತದೆ. ಅರ್ಧ ಎದ್ದ ಮೇಲೆ ಮುಖ ಸಡಿಲವಾಗುತ್ತದೆ.

ಆ ಮೂಟೆ ಒಂದಲ್ಲ, ಒಂಬತ್ತು ಅಂದುಕೊಳ್ಳಿ. ಅದರ ಮೇಲೆ ಇನ್ನೂ 10 ಕಿಲೋ. ಅಷ್ಟನ್ನು ಹೆಗಲ ಮೇಲಿಟ್ಟುಕೊಂಡು ಬಸ್ಕಿ ಹೊಡೆದು ಎದ್ದು ನಿಂತವರು ಅಮೆರಿಕದ ಫ್ರೆಡ್ ಹ್ಯಾಟ್‌ಫೀಲ್ಡ್. ವರ್ಷ 1987, ಭಾರ 1,014 ಪೌಂಡ್, ಅಂದರೆ 460 ಕಿಲೋ. ಅವರ ಮೈತೂಕದ ಸುಮಾರು ನಾಲ್ಕು ಪಟ್ಟು. ಆಗ ಅವರಿಗೆ ವಯಸ್ಸು 45. ಆ ಸ್ಪರ್ಧೆಗಳಲ್ಲಿ ಬಿಗಿ ಉಡುಪು, ಮಂಡಿಗೆ ಪಟ್ಟಿ ಬಳಸುತ್ತಿದ್ದರು, ಅದರಿಂದ ಸ್ವಲ್ಪ ಸಹಾಯವಾಗುವುದು ನಿಜ. ಆದರೂ 460 ಕಿಲೋ ಅಲ್ವಾ!

ನನಗೆ ಅವರು ಇಷ್ಟವಾಗುವುದು ಅವರ ಇನ್ನೊಂದು ಕೆಲಸದಿಂದ. 1942ರಲ್ಲಿ ಹುಟ್ಟಿದ ಈ ಮನುಷ್ಯ ಕಾಲೇಜಿನಲ್ಲಿ ಜಿಮ್ನಾಸ್ಟ್. ಆಮೇಲೆ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಕ್ರೀಡೆಯ ವಿಷಯದಲ್ಲೇ ಪಿಎಚ್‌ಡಿ ಮಾಡಿದರು, ಕಾಲೇಜಿನಲ್ಲಿ ಪಾಠ ಹೇಳಿದರು. ಜನ ಇಟ್ಟ ಹೆಸರು 'ಡಾಕ್ಟರ್ ಸ್ಕ್ವಾಟ್'. 2017ರಲ್ಲಿ ತೀರಿಕೊಂಡರು. ತಾನು ಎತ್ತುವುದನ್ನೇ ಅಧ್ಯಯನ ಮಾಡಿ, ಅಧ್ಯಯನ ಮಾಡಿದ್ದನ್ನು ಮತ್ತೆ ತನ್ನ ಮೈಮೇಲೆ ಪರೀಕ್ಷಿಸಿದವರು.

ಅವರು ಹಿಡಿದ ಎಳೆ ನಮ್ಮ ಗೋದಾಮಿನವನ ಮುಖದಲ್ಲೇ ಇದೆ. ತೊಡೆ ನೆಲಕ್ಕೆ ಸಮವಾಗಿದ್ದಾಗ ಭಾರದ ನೇರ ಗೆರೆಯಿಂದ ಸೊಂಟವೂ ಮಂಡಿಯೂ ದೂರ ಇರುತ್ತವೆ. ಬಾಗಿಲನ್ನು ತಿರುಗಣೆಯ ಹತ್ತಿರ ತಳ್ಳುವುದಕ್ಕೂ ಹಿಡಿಯ ಹತ್ತಿರ ತಳ್ಳುವುದಕ್ಕೂ ಎಷ್ಟು ವ್ಯತ್ಯಾಸ! ಇಲ್ಲೂ ಅದೇ ಲೆಕ್ಕ. ದೂರ ಜಾಸ್ತಿಯಾದಷ್ಟೂ ಅದೇ ಭಾರ ಕೀಲನ್ನು ಜಾಸ್ತಿ ಜೋರಾಗಿ ಮಡಚಲು ನೋಡುತ್ತದೆ. ಮೇಲೆದ್ದಂತೆ ಈ ದೂರ ಕಡಿಮೆಯಾಗುತ್ತದೆ, ಸ್ನಾಯುಗೆ ಕೆಲಸ ಹಗುರವಾಗುತ್ತದೆ.

ಹಗುರವಾದರೆ ಒಳ್ಳೆಯದೇ, ಮೂಟೆ ಹೊರುವವನಿಗೆ. ತಾಲೀಮು ಮಾಡುವವನಿಗೆ ಅದು ನಷ್ಟ, ಯಾಕೆಂದರೆ ಅರ್ಧ ದಾರಿ ಸ್ನಾಯು ಪೂರ್ತಿ ದುಡಿಯುವುದಿಲ್ಲ. ಹ್ಯಾಟ್‌ಫೀಲ್ಡ್ ಹೇಳಿದ್ದು ಇಷ್ಟೇ: ನಿಮ್ಮ ಮಿತಿಗಿಂತ ಕಡಿಮೆ ಭಾರ ಹಾಕಿಕೊಳ್ಳಿ, ಹಗುರವಾಗುತ್ತಾ ಹೋದ ಹಾಗೆ ವೇಗ ಹೆಚ್ಚಿಸಿ. ಬಲ ಅಂದರೆ ದ್ರವ್ಯರಾಶಿ ಮತ್ತು ವೇಗೋತ್ಕರ್ಷದ ಗುಣಲಬ್ಧ ಅಂತ ಹೈಸ್ಕೂಲಿನಲ್ಲಿ ಓದಿದ್ದೇವಲ್ಲ, ಅದೇ. ಭಾರ ಹೆಚ್ಚಿಸದೆಯೂ ಬಲ ಹೆಚ್ಚಿಸಬಹುದು.

ಇದರ ಹಿಂದೆ ನರಗಳ ಕಥೆಯೂ ಇದೆ. ಒಂದೊಂದು ನರಕೋಶ ಸ್ನಾಯುವಿನ ಒಂದು ಗುಂಪು ಎಳೆಗಳನ್ನು ಎಬ್ಬಿಸುತ್ತದೆ. ಸಣ್ಣ ಗುಂಪುಗಳು ಮೊದಲು ಕೆಲಸಕ್ಕೆ ಬರುತ್ತವೆ. ದೊಡ್ಡ, ಚುರುಕಾದ ಗುಂಪುಗಳನ್ನು ಮೈ ಕೊನೆಗೆ ಕರೆಯುತ್ತದೆ. ಭಾರ ಜಾಸ್ತಿಯಾದರೆ ಅವು ಬರುತ್ತವೆ, ಜೋರಾಗಿ ವೇಗವಾಗಿ ತಳ್ಳಲು ಹೊರಟರೂ ಬರುತ್ತವೆ. ಹೊಸದಾಗಿ ತಾಲೀಮು ಶುರು ಮಾಡಿದವರಿಗೆ ಮೊದಲ ಕೆಲವು ವಾರ ತೋಳು ದಪ್ಪವಾಗದೆಯೇ ಬಲ ಬರುತ್ತದೆ. ಆಗ ಕಲಿಯುತ್ತಿರುವುದು ಮುಖ್ಯವಾಗಿ ನರಮಂಡಲ.

ಹಾಕಿ ಕೋಲು ಹಿಡಿದೇ ಬೆಳೆಯುವ ಕೊಡಗಿನ ಮಕ್ಕಳಿಗೆ ಇದು ತಿಳಿಯಬೇಕು ಅಂತ ನನ್ನಾಸೆ. ಚೆಂಡಿನ ಹಿಂದೆ ಮೊದಲ ಐದು ಹೆಜ್ಜೆ ಚಿಮ್ಮುವುದಕ್ಕೆ ಬೇಕಾಗಿರುವುದು ಇಂಥ ಬಲ. ಭಾರ ಎತ್ತಿದರೆ ಮೈ ಬಿಗಿದು ಓಟ ನಿಧಾನವಾಗುತ್ತದೆ ಅಂತ ನಮ್ಮ ಕಾಲದಲ್ಲಿ ಹೆದರಿಸುತ್ತಿದ್ದರು. ಆ ಮಾತು ನಂಬಿ ನಾನೂ ಎಷ್ಟೋ ವರ್ಷ ಕಬ್ಬಿಣ ಮುಟ್ಟಲಿಲ್ಲ.

ಮಂಡಿ ನೋವಿಲ್ಲದಿದ್ದರೆ ಈಗಲೇ ಒಂದು ಪರೀಕ್ಷೆ ಮಾಡಿ. ತೊಡೆಯ ಮೇಲೆ ಅಂಗೈ ಇಟ್ಟು ಬಸ್ಕಿ ಹೊಡೆದು ನಿಧಾನವಾಗಿ ಏಳಿ. ಕೊನೆಯ ಕಾಲು ಭಾಗದಲ್ಲಿ ಸ್ನಾಯು ಸಡಿಲವಾಗುವುದು ಕೈಗೇ ಗೊತ್ತಾಗುತ್ತದೆ. ಇನ್ನೊಂದು ಸಲ ಕೂತು, ಈ ಸಲ ಪಾದದಿಂದ ನೆಲವನ್ನೇ ತಳ್ಳುವ ಹಾಗೆ ಏಳಿ. ಅಂಗೈ ಕೆಳಗೆ ತೊಡೆ ಇನ್ನೂ ಗಟ್ಟಿಯಾಗಿಯೇ ಇರುತ್ತದೆ.