ಎರಡು ಸ್ಕ್ಯಾನ್, ಒಂದು ಪ್ರಶ್ನೆ

ಬೆಂಗಳೂರಿನಲ್ಲಿ ನರರೋಗ ತಜ್ಞರ ಕೋಣೆಯ ಹೊರಗೆ ಕೂತವರ ಕೈಯಲ್ಲಿ ದೊಡ್ಡ ಕವರ್ ಇದ್ದೇ ಇರುತ್ತದೆ. ಹೋದ ವರ್ಷದ ಎಂಆರ್‌ಐ ಜಯನಗರದ್ದು, ಈ ವರ್ಷದ್ದು ರಾಜಾಜಿನಗರದ್ದು. ಎರಡೂ ರಿಪೋರ್ಟಿನಲ್ಲಿ ಬಿಳಿ ಕಲೆಗಳ ಮಾತಿದೆ. ರೋಗಿಗೆ ಬೇಕಿರುವುದು ಒಂದೇ: ಕಾಯಿಲೆ ಜಾಸ್ತಿ ಆಗಿದೆಯಾ, ಇಲ್ವಾ?

ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ, ಅಂದರೆ ಎಂಎಸ್‌ನಲ್ಲಿ, ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಹೊದಿಕೆಯಾದ ಮಯಲಿನ್ ಮೇಲೆ ಬೀಳುತ್ತದೆ. ಹಾಗೆ ಹಾನಿಯಾದ ಜಾಗಗಳೇ ಸ್ಕ್ಯಾನಿನಲ್ಲಿ ಕಾಣುವ ಆ ಬಿಳಿ ಕಲೆಗಳು. 1868ರಲ್ಲಿ ಪ್ಯಾರಿಸ್ಸಿನ ವೈದ್ಯ ಶಾರ್ಕೋ ಇದನ್ನು ವಿವರಿಸಿದಾಗ ಕಲೆಗಳನ್ನು ನೋಡಲು ರೋಗಿ ಸಾಯಬೇಕಿತ್ತು. 1981ರಲ್ಲಿ ಎಂಆರ್‌ಐ ಅವನ್ನು ಬದುಕಿದ್ದವರಲ್ಲೇ ತೋರಿಸಿತು. 2001ರ ಮೆಕ್‌ಡೊನಾಲ್ಡ್ ಮಾನದಂಡದಿಂದ ಸ್ಕ್ಯಾನ್ ರೋಗ ಗುರುತಿಸುವ ಕ್ರಮದ ಭಾಗವೇ ಆಯಿತು.

ಗೋಜಲು ಇದ್ದದ್ದು ಎಣಿಕೆಯಲ್ಲಿ. ಕಲೆ ಜಾಸ್ತಿ ಇದ್ದ ಕೆಲವರು ಆರಾಮಾಗಿ ನಡೆಯುತ್ತಿದ್ದರು. ಕಡಿಮೆ ಇದ್ದ ಕೆಲವರು ಕೋಲು ಹಿಡಿದಿದ್ದರು. ಸ್ಕ್ಯಾನಿನಲ್ಲಿ ಚೆನ್ನಾಗಿಯೇ ಕಾಣುವ ಜಾಗದಲ್ಲೂ ಹಾನಿ ಇರುತ್ತದೆ, ಬೆನ್ನುಹುರಿಯಲ್ಲೂ ಇರುತ್ತದೆ. ಹಾಗಾಗಿ ಸಂಶೋಧಕರು ನೋಡುವುದರಿಂದ ಅಳೆಯುವುದಕ್ಕೆ ಬಂದರು: ಕಲೆಗಳ ಒಟ್ಟು ಗಾತ್ರ, ಮಯಲಿನ್ ಪದರಗಳ ನಡುವಿನ ನೀರು, ಇಡೀ ಮೆದುಳಿನ ಗಾತ್ರ.

ಈ ಕೊನೆಯದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆರೋಗ್ಯವಂತ ವಯಸ್ಕರ ಮೆದುಳೂ ವರ್ಷಕ್ಕೆ ಸುಮಾರು ಶೇ 0.1ರಿಂದ 0.3ರಷ್ಟು ಕುಗ್ಗುತ್ತದೆ. ಚಿಕಿತ್ಸೆ ಇಲ್ಲದ ಎಂಎಸ್‌ನಲ್ಲಿ ಅದು ಶೇ 0.5ರಿಂದ 1.3ರವರೆಗೂ ಹೋಗಬಹುದು. ಮೆದುಳು 1,200 ಮಿಲಿಲೀಟರ್ ಎಂದಿಟ್ಟುಕೊಂಡರೆ, ಶೇ 0.5 ಎಂದರೆ 6 ಮಿಲಿಲೀಟರ್. ಒಂದು ಟೀ ಚಮಚಕ್ಕಿಂತ ತುಸು ಜಾಸ್ತಿ, ಅಷ್ಟೇ! ಅವತ್ತು ನೀರು ಕಡಿಮೆ ಕುಡಿದಿದ್ದರೂ ಗಾತ್ರ ಕಡಿಮೆ ಕಾಣಬಹುದು. ಸ್ಟೀರಾಯ್ಡ್ ಕೊಟ್ಟು ಊತ ಇಳಿದರೂ ಮೆದುಳು ಕುಗ್ಗಿದಂತೆ ಕಾಣುತ್ತದೆ. ಔಷಧಿ ಕೆಲಸ ಮಾಡಿರುತ್ತದೆ, ಅಂಕಿ ಮಾತ್ರ ಹೆದರಿಸುತ್ತದೆ. ಮೆಷಿನ್ ಬದಲಾದರಂತೂ ಆ ಒಂದು ಚಮಚದ ವ್ಯತ್ಯಾಸ ರೋಗದ್ದೋ ಮೆಷಿನ್‌ದೋ ಹೇಳುವುದೇ ಕಷ್ಟ.

ಸಂಶೋಧನೆಯಲ್ಲಿ ನೂರಾರು ಜನರ ಸರಾಸರಿ ತೆಗೆದಾಗ ಇಂಥ ಏರುಪೇರು ಬಹಳಷ್ಟು ಕರಗಿಹೋಗುತ್ತದೆ. ಒಬ್ಬರೇ ರೋಗಿಯ ಎರಡು ಸ್ಕ್ಯಾನಿಗೆ ಆ ಅನುಕೂಲ ಇಲ್ಲ. ಆದರೆ ನಮ್ಮಲ್ಲಿ ಎಲ್ಲಿ ಬೇಗ ಸಿಗುತ್ತದೋ, ಎಲ್ಲಿ ದುಡ್ಡು ಕಡಿಮೆಯೋ ಅಲ್ಲಿ ಸ್ಕ್ಯಾನ್ ಆಗುತ್ತದೆ. ಅದು ಸಹಜವೇ ಅಲ್ವಾ? ಹಾಗಿದ್ದೂ ಅದೇ ಮೆಷಿನ್, ಅದೇ ಸೆಟ್ಟಿಂಗ್ ಎಂದು ವೈದ್ಯರು ಪಟ್ಟು ಹಿಡಿಯುವುದು ಸುಮ್ನೆ ಅಲ್ಲ. ಇನ್ನೊಂದು ವಿಷಯ: ಕವರಿನೊಳಗಿನ ಫಿಲ್ಮಿನಿಂದ ಮೆದುಳಿನ ಗಾತ್ರ ಲೆಕ್ಕ ಹಾಕಲು ಆಗುವುದಿಲ್ಲ. ಅದಕ್ಕೆ ಸಿಡಿಯಲ್ಲಿರುವ ಮೂಲ ಚಿತ್ರಗಳೇ ಬೇಕು.